ಕೊಲಂಬಸ್‌ಗಿಂತ ಮುಂಚಿನ ಪೋರ್ಟೊ ರಿಕೊ: ಮಣ್ಣಿನಲ್ಲಿ ಏನು ಸಿಕ್ಕಿದೆ?

ಪ್ರಶ್ನೆ: 1493ರಲ್ಲಿ ಕೊಲಂಬಸ್ ಬಂದಾಗ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಟೈನೊ ಅನ್ನುವ ಮೂಲನಿವಾಸಿ ಜನ ಇದ್ದರು. ಅವರ ಬಗ್ಗೆ ನಾನು ಓದಿದ್ದೆಲ್ಲ ಸ್ಪೇನಿನವರು ಬರೆದಿಟ್ಟದ್ದೇ. ಮರಗೆಣಸಿನ ರೊಟ್ಟಿ ತಿನ್ನುತ್ತಿದ್ದರು, ಚೆಂಡಾಟ ಆಡುತ್ತಿದ್ದರು, ಅಷ್ಟೇ. ಅಗೆದು ನೋಡಿದವರಿಗೆ ಬೇರೆ ಏನಾದ್ರೂ ಸಿಕ್ಕಿದೆಯಾ?

ಉತ್ತರ: ಬೇಕಾದಷ್ಟು ಸಿಕ್ಕಿದೆ. ನಾನು ಫ್ಲೋರಿಡಾದಲ್ಲಿದ್ದೇನೆ, ರಜೆ ಸಿಕ್ಕರೆ ಈ ಜಾಗಗಳಿಗೇ ಹೋಗುವವನು. ಪೋನ್ಸೆ ಊರಿನ ಹತ್ತಿರ ಟಿಬೆಸ್ ಅನ್ನುವ ಹಳೆಯ ನೆಲೆ ಇದೆ. 1975ರ ಎಲೋಯಿಸ್ ಚಂಡಮಾರುತಕ್ಕೆ ಹೊಳೆ ಉಕ್ಕಿ ಮಣ್ಣು ಕೊಚ್ಚಿಹೋದ ಮೇಲೇ ಅದು ಕಣ್ಣಿಗೆ ಬಿದ್ದದ್ದು. ಸುತ್ತ ಕಲ್ಲು ಜೋಡಿಸಿದ ಚೆಂಡಾಟದ ಅಂಗಳಗಳು. ಅವುಗಳ ಅಡಿಯಲ್ಲಿ ಇನ್ನೂ ಹಳೆಯ ಸಮಾಧಿಗಳು, 180ಕ್ಕೂ ಜಾಸ್ತಿ. ಹಿರಿಯರು ಮಲಗಿರುವ ನೆಲದ ಮೇಲೆ ಯಾರೂ ಸುಮ್ನೆ ಕಾಲ ಕಳೆಯೋಕೆ ಅಂಗಳ ಕಟ್ಟಲ್ಲ, ಅಲ್ವಾ?

ಬೆಟ್ಟಗಳ ನಡುವೆ ಇರುವ ಕಗ್ವಾನಾ ಅನ್ನುವ ಇನ್ನೊಂದು ನೆಲೆ ನನಗೆ ಇನ್ನೂ ಇಷ್ಟ. 1915ರಲ್ಲೇ ಅಲ್ಲಿ ಅಗೆದಿದ್ದಾರೆ. ದೊಡ್ಡ ಅಂಗಳದ ಅಂಚಿನ ಕಲ್ಲುಗಳಲ್ಲಿ ಒಂದರ ಮೇಲೆ ಹೆಂಗಸೊಬ್ಬಳನ್ನು ಕೆತ್ತಿದ್ದಾರೆ. ತಲೆಗೆ ಅಲಂಕಾರ, ಕಿವಿಯಲ್ಲಿ ದೊಡ್ಡ ಓಲೆ, ಕಾಲು ಮಾತ್ರ ಕಪ್ಪೆಯ ಹಾಗೆ ಮಡಚಿಕೊಂಡಿವೆ. ಬಿಸಿಲು ಓರೆಯಾಗಿ ಬಿದ್ದಾಗ ನೋಡಬೇಕು, ಗೆರೆಗಳು ಎದ್ದು ಕಾಣುತ್ತವೆ.

ಇನ್ನೊಬ್ಬರು: ರೊಟ್ಟಿಯ ವಿಷಯ ಬಿಟ್ಟೇಬಿಟ್ಟಿರಲ್ಲ! ಕಹಿ ಮರಗೆಣಸಿನಲ್ಲಿ ಸಯನೈಡ್ ಇರುತ್ತದೆ. ತುರಿದು, ಹೆಣೆದ ಉದ್ದ ಚೀಲದಲ್ಲಿ ಹಿಂಡಿ, ಮಣ್ಣಿನ ಹೆಂಚಿನ ಮೇಲೆ ಬೇಯಿಸುತ್ತಿದ್ದರು ಅಂತ ಓದಿದ್ದೇನೆ.

ಉತ್ತರ: ನಿಜ, ಆ ಹೆಂಚಿಗೆ ಬುರೇನ್ ಅನ್ನುತ್ತಾರೆ. ಹಿಂದೆ ಅದರ ಚೂರು ಸಿಕ್ಕಿದ ಕಡೆಯೆಲ್ಲ ‘ಮರಗೆಣಸು’ ಅಂತ ಬರೆದುಬಿಡುತ್ತಿದ್ದರು. ಆಮೇಲೆ ಚೂರಿಗೆ ಅಂಟಿದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಸಿಹಿಗೆಣಸು ಎಲ್ಲ ಇತ್ತು! ಸ್ಪೇನಿನವರು ಬರೆದ ಒಂದೇ ರೊಟ್ಟಿಯಿಂದ ಇಡೀ ಅಡುಗೆಮನೆ ಅಳೆಯಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆ ಕೇಳಿದವರು: ಈಗ ಅವರ ಪೈಕಿ ಯಾರೂ ಉಳಿದಿಲ್ಲವಾ?

ಉತ್ತರ: ‘ಅಳಿದುಹೋದರು’ ಅನ್ನುವ ಮಾತು ನನಗೆ ಸಂಕಟ ತರುತ್ತದೆ. ರೋಗ, ಗುಲಾಮಗಿರಿಗೆ ಸಿಕ್ಕಿ ಲೆಕ್ಕವಿಲ್ಲದಷ್ಟು ಜನ ಸತ್ತದ್ದು ಹೌದು. ಆದರೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೋರ್ಟೊ ರಿಕೊದವರ ತಾಯಿ ಕಡೆಯ ಡಿಎನ್‌ಎ ನೋಡಿದಾಗ, ಸುಮಾರು ಶೇ. 61 ಜನರಲ್ಲಿ ಮೂಲನಿವಾಸಿಗಳ ಎಳೆ ಸಿಕ್ಕಿತು. ತಮ್ಮನ್ನು ಟೈನೊ ಅಂತಲೇ ಕರೆದುಕೊಳ್ಳುವವರು ಇವತ್ತೂ ಇದ್ದಾರೆ.