20×30 ಸ್ಲ್ಯಾಬಿಗೆ 6 ಘನ ಮೀಟರ್ ಸುರಿದರೂ ಐದು ಅಡಿ ಖಾಲಿ!

ಅರ್ಧಸ್ಲ್ಯಾಬ್:
ತಲೆ ಕೆಟ್ಟುಹೋಗಿದೆ. ನೆಲದ ಸ್ಲ್ಯಾಬು, 20×30 ಅಡಿ, 4 ಇಂಚು ದಪ್ಪ. 200 ಘನ ಅಡಿ, ಅಂದ್ರೆ 5.66 ಘನ ಮೀಟರ್. ಇರಲಿ ಅಂತ 6 ಘನ ಮೀಟರ್ ರೆಡಿಮಿಕ್ಸ್ (ಕಲಸಿಯೇ ಲಾರೀಲಿ ಬರೋ ಕಾಂಕ್ರೀಟು) ತರಿಸಿದ್ದು. ಲಾರಿ ಪೂರ್ತಿ ಖಾಲಿ, ಆದ್ರೆ ಒಂದು ತುದೀಲಿ 20 ಅಡಿ ಅಗಲಕ್ಕೂ ಐದು ಅಡಿ ಹಾಗೇ ಉಳಿದಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಕಾಂಕ್ರೀಟು ಎಲ್ಲಿ ಹೋಯ್ತು?

ಕರಣೆ:
1.54ರಿಂದ ಗುಣಿಸಿಲ್ಲ, ಅಷ್ಟೇ. 5.66 × 1.54 = 8.7.

ತೂಗುಗುಂಡು:
ಕರಣೆಯವರೇ, 1.54 ಬೇಕಾಗೋದು ಸೈಟಲ್ಲೇ ಕಲಸೋರಿಗೆ. ಒಣ ಸಿಮೆಂಟು, ಮರಳು, ಜಲ್ಲಿ ಅಳೆಯುವಾಗ ನಡುವಿನ ಪೊಳ್ಳೂ ಅಳತೆಗೆ ಸೇರುತ್ತೆ, ಕಲಸಿದಾಗ ಕುಗ್ಗುತ್ತೆ. ರೆಡಿಮಿಕ್ಸ್ ಬರೋದೇ ಹಸಿ ಅಳತೇಲಿ. ನನ್ನ ಅನುಮಾನ ಲಾರಿ ಮೇಲೆ. ಘನ ಮೀಟರಿಗೆ ಸುಮಾರು 2400 ಕೆಜಿ, 6ಕ್ಕೆ 14.4 ಟನ್ ಇರಬೇಕು. ತೂಕದ ಚೀಟಿ ಇದ್ಯಾ?

ಕರಣೆ:
ವೈಬ್ರೇಟರ್ ಹಿಡಿದ್ರೆ ರೆಡಿಮಿಕ್ಸೂ ಕುಗ್ಗುತ್ತೆ ಅಲ್ವಾ?

ತೂಗುಗುಂಡು:
ಹೋಗೋದು ಒಳಗೆ ಸಿಕ್ಕಿಕೊಂಡ ಗಾಳಿ. ಅದೇನು ಅರ್ಧಕ್ಕರ್ಧ ಇರುತ್ತಾ? ಚೀಟಿ ತೋರಿಸಿ ಸರ್.

ಅರ್ಧಸ್ಲ್ಯಾಬ್:
ಚೀಟೀಲಿ ಮಾಲಿನ ತೂಕ 14,380 ಕೆಜಿ. ಪಂಪ್ ಇಲ್ಲ, ಲಾರಿಯಿಂದ ನೇರ ಸುರಿದಿದ್ದು.

ತೂಗುಗುಂಡು:
ಖಾಲಿ ಲಾರಿ ಅವತ್ತೇ ತೂಗಿದ್ರಾ, ಇಲ್ಲ ಹಳೇ ತೂಕ ಬರೆದಿದ್ದಾ? ಅಲ್ಲೇ ಆಟ ನಡೆಯೋದು.

ರಸಮಟ್ಟ:
ಲಾರಿ ಬಿಡ್ರಪ್ಪ. ಅಂಚು ಎಷ್ಟು ಆಳ? ಬೆಡ್, ಅಂದ್ರೆ ಸ್ಲ್ಯಾಬಿನ ಕೆಳಗಿನ ನೆಲ, ಅದರ ಮಟ್ಟ ಹೇಗೆ ನೋಡಿದ್ರಿ? ಸುತ್ತ ಕಟ್ಟಿದ ಹಲಗೆ ಉಬ್ಬಿದ್ಯಾ?

ಅರ್ಧಸ್ಲ್ಯಾಬ್:
ಅಂಚು ಎಲ್ಲರೂ ಮಾಡೋ ಹಾಗೇ, ಸುತ್ತ 9 ಇಂಚು ಅಗಲ, 10 ಇಂಚು ಆಳ. ಬೆಡ್ ದಮ್ಮಸ್ಸು ಮಾಡಿ ಕಣ್ಣಳತೇಲಿ ಸಮ ಮಾಡಿದ್ದು. ಹಲಗೆ ಅಲುಗಿಲ್ಲ.

ರಸಮಟ್ಟ:
ಇದನ್ನ ಮೊದಲೇ ಹೇಳೋದಲ್ವಾ! 4 ಇಂಚಿನ ಕೆಳಗೆ ಅಂಚು ಇನ್ನೂ 6 ಇಂಚು ಇಳಿದಿದೆ. ಮೂಲೆಗಳನ್ನ ಎರಡೆರಡು ಸಲ ಎಣಿಸದೆ ಉದ್ದ 97 ಅಡಿ. 97 × 0.75 × 0.5 = 36.4 ಘನ ಅಡಿ, ಅಂದ್ರೆ 1.03 ಘನ ಮೀಟರ್. ಬೆಡ್ ಸರಾಸರಿ ಅರ್ಧ ಇಂಚು ತಗ್ಗಿದ್ರೂ ಇನ್ನು 25 ಘನ ಅಡಿ, 0.71 ಘನ ಮೀಟರ್. ಒಟ್ಟು 7.4. ಕೊರತೆ 1.4, ನಿಮ್ಮ ಐದು ಅಡಿಗೆ ಸರಿಯಾಗಿ ಕೂರುತ್ತೆ. ಶೇ. 5 ಪೋಲು ಸೇರಿಸಿ 8 ತರಿಸಬೇಕಿತ್ತು.

ಉಳಿದ ಜಾಗವನ್ನಾದ್ರೂ ಅಳೆದು ನೋಡಿ. ಹಲಗೆಯಿಂದ ಹಲಗೆಗೆ ದಾರ ಜೋತು ಬೀಳದ ಹಾಗೆ ಬಿಗಿದು, ಎರಡೆರಡು ಅಡಿಗೆ ಟೇಪ್ ಇಳಿಸಿ ಸರಾಸರಿ ತೆಗೀರಿ. ಎಲ್ಲಾದ್ರೂ 4 ಇಂಚಿಗಿಂತ ಕಮ್ಮಿ ಬಂದ್ರೆ ಬೆಡ್ ಕೆರೀರಿ, ತೆಳ್ಳಗಿರೋ ಕಡೆಯೇ ಮೊದಲು ಬಿರುಕು ಬಿಡೋದು.

ಅರ್ಧಸ್ಲ್ಯಾಬ್:
ಇಷ್ಟು ಕಮ್ಮಿಗೆ ಲಾರಿ ಕಳಿಸಲ್ವಂತೆ. ಸೈಟಲ್ಲೇ ಕಲಸಿದ್ರೆ ಎಷ್ಟು ಬೇಕು?

ಕರಣೆ:
ಈಗ ಬೇಕಾಯ್ತಲ್ಲ 1.54! 1.4 × 1.54 = 2.16. ಸಿಮೆಂಟು, ಮರಳು, ಜಲ್ಲಿ 1:1.5:3ಕ್ಕೆ ಒಟ್ಟು 5.5 ಪಾಲು. ಸಿಮೆಂಟು 0.393 ಘನ ಮೀಟರ್, ಘನ ಮೀಟರಿಗೆ 1440 ಕೆಜಿಯಂತೆ ಗುಣಿಸಿದ್ರೆ ಸುಮಾರು 565 ಕೆಜಿ. 50 ಕೆಜಿಯ 12 ಮೂಟೆ ತರಿಸಿ. ಮರಳು 0.6, ಜಲ್ಲಿ 1.2 ಘನ ಮೀಟರ್.

ರಸಮಟ್ಟ:
ಮರಳು ಒದ್ದೆ ಇದ್ರೆ ಉಬ್ಬಿರುತ್ತೆ, 0.6 ಸಾಲಲ್ಲ. ಅದರಲ್ಲಿರೋ ನೀರನ್ನ ಕಲಸೋ ನೀರಲ್ಲಿ ಕಳೀರಿ. ಹಳೇ ಕಾಂಕ್ರೀಟಿನ ತುದಿ ಇಳಿಜಾರಾಗಿ ನಿಂತಿದ್ರೆ ನೆಟ್ಟಗೆ ಕತ್ತರಿಸಿ, ಮುಖದ ಮೇಲಿನ ಸಿಮೆಂಟಿನ ಕೆನೆ ಕೆರೆದು ಜಲ್ಲಿ ಕಾಣಿಸಿ. ಒದ್ದೆ ಇರಬೇಕು, ನೀರು ನಿಂತಿರಬಾರದು. ಕಂಬಿ ಚಾಚಿದ್ಯಾ? ಇಲ್ಲ ಅಂದ್ರೆ ತೂತು ಕೊರೆದು ಎಪಾಕ್ಸಿಲಿ ಕೂರಿಸಬೇಕಾಗುತ್ತೆ.

ತೂಗುಗುಂಡು:
ಈಗಲೂ ದಾರ, ಟೇಪಾ? ನಮ್ಮದು 360 ಡಿಗ್ರಿ ಹಸಿರು ಲೇಸರ್, ತಾನೇ ಮಟ್ಟ ಹಿಡಿಯುತ್ತೆ.

ರಸಮಟ್ಟ:
ಬಿಸಿಲಲ್ಲಿ ಆ ಗೆರೆ ಕಣ್ಣಿಗೆ ಬೀಳುತ್ತಾ? ನೀರಿನ ಪೈಪು ಸಾಕು.

ಕರಣೆ:
ಪೈಪಲ್ಲಿ ಗಾಳಿಗುಳ್ಳೆ ನಿಂತ್ರೆ ಅರ್ಧ ಇಂಚು ಅಲ್ಲೇ ಹೋಯ್ತು.

ಅರ್ಧಸ್ಲ್ಯಾಬ್:
ಕಂಬಿ ಚಾಚಿದೆ. ತುದಿ ಇಳಿಜಾರಾಗೇ ಇದೆ. ಎಷ್ಟು ಹಿಂದಕ್ಕೆ ಕತ್ತರಿಸ್ಲಿ?

ತೂಗುಗುಂಡು:
ಲೇಸರ್ ಗೆರೆ ಗುರುತಿಸೋ ರಿಸೀವರ್ ಹಾಕಿದ್ರೆ ಬಿಸಿಲಲ್ಲೂ ಹಿಡಿಯುತ್ತೆ ಸ್ವಾಮಿ, 50 ಮೀಟರ್ ತನಕ. ಟ್ರೈಪಾಡ್ ಮಾತ್ರ ಗಟ್ಟಿದು ಬೇಕು.