ಸರ್ವರ್ ಇಲ್ಲದ ಸಹ-ಸಂಪಾದನೆಯಲ್ಲಿ ಪಠ್ಯ ಎರಡೆರಡು ಸಲ ಮೂಡುತ್ತಿದೆ

ಅಕ್ಷರಜೋಡಿ:
ಮೂರು ದಿನಗಳಿಂದ ಇದೇ ತಲೆನೋವು. ವೈಜೆಎಸ್ (ಸಹ-ಸಂಪಾದನೆಯ ಲೈಬ್ರರಿ) ಮತ್ತು ವೆಬ್‌ಆರ್‌ಟಿಸಿ (ಬ್ರೌಸರುಗಳನ್ನು ನೇರವಾಗಿ ಬೆಸೆಯುವ ತಂತ್ರಜ್ಞಾನ) ಬಳಸಿ ಕಟ್ಟಿದ ಎಡಿಟರಿನಲ್ಲಿ ಎರಡನೆಯವರು ಕಡತ ತೆರೆದ ಕೂಡಲೇ ಶೀರ್ಷಿಕೆಯೂ ಪೀಠಿಕೆಯೂ ಎರಡು ಸಲ ಕಾಣಿಸುತ್ತವೆ. ಮೂರನೆಯವರು ಬಂದರೆ ಮೂರು ಸಲ. ವೈಜೆಎಸ್ ಬಳಸುವ ಸಿಆರ್‌ಡಿಟಿ ಎಂಬ ದತ್ತರಚನೆ ಇದ್ದರೆ ಎಲ್ಲರ ಪ್ರತಿಗಳೂ ತಾವಾಗಿಯೇ ಒಂದಾಗುತ್ತವೆ ಎಂದು ಓದಿದ್ದೆ. ಉಳಿದದ್ದೆಲ್ಲವೂ ಸರಿಯಾಗಿದೆ.

ಹಳೆತಂತಿ:
ಇದು ನ್ಯಾಟ್ (ರೂಟರ್ ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಸಮಸ್ಯೆಯೇ. ಇಬ್ಬರೂ ಸಿಮೆಟ್ರಿಕ್ ನ್ಯಾಟ್ (ಪ್ರತಿ ಸಂಪರ್ಕಕ್ಕೂ ಬೇರೆ ಪೋರ್ಟ್ ಕೊಡುವ ಬಗೆ) ಹಿಂದಿದ್ದರೆ ಹೊರಗಿನ ವಿಳಾಸ ತಿಳಿಸುವ ಸ್ಟನ್ ಸಾಲದು, ನಡುವೆ ನಿಂತು ದತ್ತಾಂಶ ದಾಟಿಸುವ ಟರ್ನ್ ಸರ್ವರ್ ಬೇಕು. ನಾನು ಸ್ವಂತ ಟರ್ನ್ ಇಟ್ಟುಕೊಂಡ ಮೇಲೆ ಸಂಪರ್ಕ ಕಡಿದದ್ದೇ ಇಲ್ಲ.

ಅಕ್ಷರಜೋಡಿ:
ಟರ್ನ್ ಸೇರಿಸಿದೆ. ಏನೂ ಬದಲಾಗಲಿಲ್ಲ.

ಹಳೆತಂತಿ:
ಹಾಗಾದರೆ ಫೈರ್‌ವಾಲಿನಲ್ಲಿ ಟರ್ನ್ ಬಳಸುವ 3478ನೇ ಪೋರ್ಟ್ ಮುಚ್ಚಿರಬೇಕು. ಯುಡಿಪಿ, ಟಿಸಿಪಿ ಎರಡನ್ನೂ ಪರೀಕ್ಷಿಸಿ.

ನಡುಗಂಬ:
ಸರ್ವರನ್ನು ಕೈಬಿಟ್ಟದ್ದೇ ತಪ್ಪು. 1995ರ ಜೂಪಿಟರ್ ಎಂಬ ಸಹ-ಸಂಪಾದನಾ ವ್ಯವಸ್ಥೆಯಿಂದ ಗೂಗಲ್ ಡಾಕ್ಸ್‌ವರೆಗೆ ಆಪರೇಷನಲ್ ಟ್ರಾನ್ಸ್‌ಫಾರ್ಮೇಶನ್ (ಒಬ್ಬರ ಬದಲಾವಣೆಯನ್ನು ಇನ್ನೊಬ್ಬರದಕ್ಕೆ ತಕ್ಕಂತೆ ಮಾರ್ಪಡಿಸುವ ವಿಧಾನ) ನಡೆದುಬಂದಿರುವುದು ನಡುವಿನ ಸರ್ವರ್ ಬದಲಾವಣೆಗಳಿಗೆ ಕ್ರಮ ಗೊತ್ತುಮಾಡುವುದರಿಂದಲೇ.

ಬಿಡಿಗಂಟು:
1989ರಲ್ಲಿ ಸಂಶೋಧಕರಾದ ಎಲ್ಲಿಸ್ ಮತ್ತು ಗಿಬ್ಸ್ ಆ ವಿಧಾನವನ್ನು ಮೊದಲು ಮಂಡಿಸಿದಾಗ ನಡುವೆ ಸರ್ವರ್ ಇರಲಿಲ್ಲ. ಅವರ ಆ ಮೊದಲ ರೂಪದ ದೋಷ ಬಯಲಾದದ್ದು ಆಮೇಲೆ. ಅದಿರಲಿ, ಮೂವರಿಗೆ ಮೂರು ಪ್ರತಿ ಬರುತ್ತಿದೆಯೆಂದರೆ ಸಂಪರ್ಕ ಚೆನ್ನಾಗಿಯೇ ಇದೆ. ಆ ಪೀಠಿಕೆಯನ್ನು ಸೇರಿಸುತ್ತಿರುವವರು ಯಾರು?

ಅಕ್ಷರಜೋಡಿ:
ಅದು ಮಾದರಿ ಪಠ್ಯ. ಕಡತ ಖಾಲಿಯಿದ್ದರೆ ಮಾತ್ರ ಸೇರುವಂತೆ ಬರೆದಿದ್ದೇನೆ. ಹೇಳುವ ಅಗತ್ಯವಿದೆ ಎನಿಸಲಿಲ್ಲ.

ಬಿಡಿಗಂಟು:
ದೋಷ ಅಲ್ಲಿಯೇ ಇದೆ. ತೆರೆದ ಕ್ಷಣದಲ್ಲಿ ಇತರರ ಬದಲಾವಣೆಗಳು ಇನ್ನೂ ತಲುಪಿರುವುದಿಲ್ಲವಾದ್ದರಿಂದ ಪ್ರತಿಯೊಬ್ಬರಿಗೂ ಕಡತ ಖಾಲಿಯಾಗಿಯೇ ಕಾಣುತ್ತದೆ. ವೈಜೆಎಸ್ ಪ್ರತಿ ಅಕ್ಷರಕ್ಕೂ ಬರೆದವರ ಕ್ಲೈಂಟ್ ಐಡಿ ಮತ್ತು ಕ್ರಮಸಂಖ್ಯೆಯನ್ನು ಗುರುತಾಗಿ ಅಂಟಿಸುತ್ತದೆ. ಹೀಗಾಗಿ ಒಂದೇ ವಾಕ್ಯವನ್ನು ಇಬ್ಬರು ಸೇರಿಸಿದರೆ ಅದರ ಲೆಕ್ಕದಲ್ಲಿ ಅವು ಎರಡು ವಾಕ್ಯಗಳು, ಎರಡನ್ನೂ ಅದು ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ. ಸರ್ವರ್ ಇದ್ದರೆ ಕಡತ ನಿಜಕ್ಕೂ ಖಾಲಿಯೇ ಎಂದು ಅದನ್ನು ಕೇಳಬಹುದು, ಇಲ್ಲಿ ಆ ಪ್ರಶ್ನೆಗೆ ಉತ್ತರಿಸಬಲ್ಲವರು ಯಾರೂ ಇಲ್ಲ. ಮಾದರಿ ಪಠ್ಯವನ್ನು ಒಮ್ಮೆ ಅಪ್‌ಡೇಟ್ (ಗುರುತುಗಳ ಸಮೇತ ಬದಲಾವಣೆಯನ್ನು ಹಿಡಿದಿಡುವ ಬೈಟ್‌ಗಳು) ರೂಪದಲ್ಲಿ ಉಳಿಸಿಟ್ಟು, ಅವೇ ಬೈಟ್‌ಗಳನ್ನು ಎಲ್ಲ ಕಡೆಯೂ ಅನ್ವಯಿಸಿ. ಗುರುತು ಒಂದೇ ಆದಾಗ ಎಷ್ಟು ಸಲ ಅನ್ವಯಿಸಿದರೂ ಪಠ್ಯ ಒಂದೇ ಸಲ ಬರುತ್ತದೆ.

ನಡುಗಂಬ:
ಅಂದರೆ ಸರ್ವರ್ ಇದ್ದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ ಎಂದು ನೀವೂ ಒಪ್ಪಿದಂತಾಯಿತು.

ಬಿಡಿಗಂಟು:
ಸಿಂಕ್ (ಸರ್ವರಿನ ಪ್ರತಿಯೊಡನೆ ಹೊಂದಾಣಿಕೆ) ಮುಗಿಯುವ ಮೊದಲೇ ಮಾದರಿ ಪಠ್ಯ ಸೇರಿಸಿದರೆ ಅಲ್ಲಿಯೂ ಬರುತ್ತದೆ.

ಅಕ್ಷರಜೋಡಿ:
ಹೊಸ ಕಡತಗಳಲ್ಲಿ ತೊಂದರೆ ನಿಂತಿದೆ, ಧನ್ಯವಾದಗಳು. ಹಳೆಯದೊಂದರಲ್ಲಿ ನಾನು ಮೇಲಿನ ಪೀಠಿಕೆಯನ್ನು ಅಳಿಸಿದೆ. ಆಗ ಆಫ್‌ಲೈನ್‌ನಲ್ಲಿದ್ದ ಸಹೋದ್ಯೋಗಿ ಕೆಳಗಿನದನ್ನು ಅಳಿಸಿದ್ದರಂತೆ. ಈಗ ಎರಡೂ ಇಲ್ಲ.