ಹಳೇ ಪಲ್ಸರ್‌ಗೆ ಬ್ರೇಕ್ ಪ್ಯಾಡ್: ಮನೆಯಲ್ಲೇ ಹಾಕಬಹುದಾ? ಅನುಭವ ಇದ್ದವರು ಹೇಳಿ

ಕೊಪ್ಪದ ಹುಡುಗ:
ನನ್ನದು 2009ರ ಪಲ್ಸರ್ 150. ಮುಂದಿನ ಬ್ರೇಕ್ ಹಿಡಿದರೆ ಕರ್ ಅಂತ ಸದ್ದು. ಪ್ಯಾಡ್ ಮುಗಿದಿದೆ. ನಾನೇ ಬದಲಾಯಿಸೋಣ ಅಂತಿದ್ದೇನೆ. ಒರಿಜಿನಲ್ಲೇ ಬೇಕಾ, ಬೇರೆ ನಡೆಯುತ್ತಾ? ಮುಂದಿನ ವಾರ ಆಗುಂಬೆ ಇಳಿದು ಉಡುಪಿಗೆ ಹೋಗುವುದಿದೆ.

ಶಿವಮೊಗ್ಗ ಸವಾರ:
ನಾನೂ ಹೀಗೇ ಮಾಡಿದೆ. ಪ್ಯಾಡ್ 260 ರೂಪಾಯಿ, ಮೆಕ್ಯಾನಿಕ್ ಕೂಲಿ 150 ಉಳಿಯಿತು ಅಂತ ಖುಷಿಯೋ ಖುಷಿ. ಹಳೇ ಪ್ಯಾಡ್ ತೆಗೆದು, ಸ್ಕ್ರೂಡ್ರೈವರ್ ಹಾಕಿ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಪಿಸ್ಟನ್ ಮೀಟಿ ಒಳಗೆ ತಳ್ಳಿದೆ. ಪ್ಯಾಡ್ ಸವೆದ ಹಾಗೆ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುತ್ತದಲ್ಲ, ನಾನು ಬುದ್ಧಿವಂತ, ನಡುವೆ ಎರಡು ಸಲ ತುಂಬಿಸಿದ್ದೆ. ಪಿಸ್ಟನ್ ಹಿಂದೆ ಹೋದರೆ ಆ ಆಯಿಲ್ ಎಲ್ಲಿಗೆ ಹೋಗಬೇಕು? ಉಕ್ಕಿ ಟ್ಯಾಂಕ್ ಮೇಲೆ ಹರಿಯಿತು. ನಾನು ಚಕ್ರದ ಹತ್ತಿರ ಕೂತಿದ್ದೆ, ನೋಡಲೇ ಇಲ್ಲ. ಟೀ ಕುಡಿದು ಬರುವಷ್ಟರಲ್ಲಿ ಕಪ್ಪು ಪೇಂಟು ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಟ್ಯಾಂಕ್ ಪೇಂಟಿಗೆ 1,900, ಸ್ಟಿಕ್ಕರ್‌ಗೆ 350. ಈಗಲೂ ನಾನು ಸ್ಪ್ಯಾನರ್ ಹಿಡಿದರೆ ಹೆಂಡತಿ ಹಳೇ ಬೆಡ್‌ಶೀಟ್ ತಂದು ಕೊಡುತ್ತಾಳೆ.

ಜೆ.ಸಿ. ರೋಡ್ ಗಿರಾಕಿ:
ಸ್ಕ್ರೂಡ್ರೈವರ್‌ನಲ್ಲಿ ಪಿಸ್ಟನ್ ಮೀಟುವವರಿಗೆ ಇಷ್ಟೇ ಆಗಿದ್ದು ಪುಣ್ಯ ಗುರು. ಹಳೇ ಪ್ಯಾಡನ್ನೇ ಪಿಸ್ಟನ್ ಮುಂದೆ ಇಟ್ಟು ಸಿ ಕ್ಲ್ಯಾಂಪ್‌ನಲ್ಲಿ ನಿಧಾನವಾಗಿ ಒತ್ತಬೇಕು. ನನ್ನ ಕಥೆ ಪ್ಯಾಡಿನದ್ದೇ. ಒರಿಜಿನಲ್ ಡಬ್ಬಿಯ ಹಾಗೇ ಇದ್ದ ಡಬ್ಬಿ, 110 ರೂಪಾಯಿ. ಅಂಗಡಿಯವನು "ಕಂಪನಿ ಮಾಲೇ ಸರ್" ಅಂದ. ಎರಡು ತಿಂಗಳಿಗೆ ಡಿಸ್ಕ್ ಮೇಲೆ ಗ್ರಾಮಾಫೋನ್ ಪ್ಲೇಟಿನ ಹಾಗೆ ಗೆರೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಎಷ್ಟು ತೆಳ್ಳಗಾದರೆ ಎಸೆಯಬೇಕು ಅಂತ ಡಿಸ್ಕ್ ಮೇಲೇ ಕೊರೆದಿರುತ್ತಾರೆ, ನನ್ನದು ಅದಕ್ಕಿಂತ ಕೆಳಗೆ ಹೋಗಿತ್ತು. ಹೊಸ ಡಿಸ್ಕ್ 1,400, ಒರಿಜಿನಲ್ ಪ್ಯಾಡ್ 280, ಕೂಲಿ 200. ಒರಿಜಿನಲ್ ಹಾಕಿ, ಮುಗಿಯಿತು.

ಪುತ್ತೂರು ಭಟ್ರು:
ಒರಿಜಿನಲ್ ಹಾಕಿದರೆ ಎಲ್ಲಾ ಸರಿ ಅಂತ ಯಾರು ಹೇಳಿದ್ದು ಮಾರಾಯ್ರೆ? ನಾನು ಒರಿಜಿನಲ್ಲೇ ಹಾಕಿದ್ದು. 4,000 ಕಿಲೋಮೀಟರ್‌ಗೆ ಹೋಯಿತು. ಮತ್ತೆ ಹಾಕಿದೆ, ಮತ್ತೆ 4,000. ಎರಡನೇ ಸಲ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿದರೆ ಪಿಸ್ಟನ್ ಬದಿಯದ್ದು ತಗಡು ಮಾತ್ರ ಉಳಿದಿದೆ, ಆಚೆಯದ್ದು ಅರ್ಧಕ್ಕಿಂತ ಜಾಸ್ತಿ ಇದೆ! ನಮ್ಮ ಮಳೆಗೆ ಪ್ಯಾಡ್ ಹಿಡಿದುಕೊಳ್ಳುವ ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರದಿದ್ದರೆ ಒಂದೇ ಪ್ಯಾಡ್ ಕೆಲಸ ಮಾಡುತ್ತದೆ. ಪಿನ್ನು ಉಜ್ಜಿ, ಸಿಲಿಕಾನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬದಲಾಯಿಸಿದೆ. 60 ರೂಪಾಯಿ ಕೆಲಸಕ್ಕೆ ಎರಡು ಸೆಟ್ ಪ್ಯಾಡ್ ದಂಡ.

ಜೆ.ಸಿ. ರೋಡ್ ಗಿರಾಕಿ:
ಪಿನ್ನು ಕ್ಲೀನ್ ಮಾಡೋದು ಯಾರಿಗೆ ಗೊತ್ತಿಲ್ಲ ಭಟ್ರೇ. ನಾನು ಹೇಳಿದ್ದು ಮಾಲಿನ ವಿಷಯ.

ಪುತ್ತೂರು ಭಟ್ರು:
ನನಗೆ ಗೊತ್ತಿರಲಿಲ್ಲ. ಅದಕ್ಕೇ ಬರೆದದ್ದು.

ತುಮಕೂರು ಎಕ್ಸ್‌ಪ್ರೆಸ್:
ಇಷ್ಟೆಲ್ಲಾ ಯಾಕೆ? ನನ್ನದೂ ಕರ್ ಅಂತಿತ್ತು, ತುಕ್ಕು ಬಿಡಿಸುವ ಸ್ಪ್ರೇ ಡಿಸ್ಕ್‌ಗೆ ಹೊಡೆದೆ. ಸದ್ದು ನಿಂತಿತು.

ಜೆ.ಸಿ. ರೋಡ್ ಗಿರಾಕಿ:
ಸದ್ದು ಮಾತ್ರ ಅಲ್ಲ, ಬ್ರೇಕೂ ನಿಂತಿರುತ್ತದೆ! ಡಿಸ್ಕ್‌ಗೆ ಎಣ್ಣೆ ಹೊಡೆಯುವವರೂ ಇದ್ದಾರಾ? ಪ್ಯಾಡ್ ಅದನ್ನು ಕುಡಿದುಬಿಡುತ್ತೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಕೊಪ್ಪದವರೇ, ದಯವಿಟ್ಟು ಇವರ ಮಾತು ಕೇಳಬೇಡಿ.

ತುಮಕೂರು ಎಕ್ಸ್‌ಪ್ರೆಸ್:
ನಾನು ಹೊಡೆಯಿರಿ ಅಂದೆನಾ? ನನ್ನ ಅನುಭವ ಹೇಳಿದೆ. ಸಿಗ್ನಲ್‌ನಲ್ಲಿ ಮುಂದಿದ್ದ ಆಟೋಗೆ ಮುಟ್ಟಿಸಿ 800 ಕೊಟ್ಟೆ, ಅದನ್ನೂ ಬರೆಯೋಣ ಅಂತಿದ್ದೆ. ನೀವು ಬಾಯಿ ಹಾಕಿದಿರಿ.

ಆರ್‌ಎಕ್ಸ್ ಅಂಕಲ್, ಹಾಸನ:
ಅದಕ್ಕೇ ಹೇಳೋದು, ಡ್ರಮ್ ಬ್ರೇಕೇ ಸರಿ. ನನ್ನದು 1994ರ ಆರ್‌ಎಕ್ಸ್ 100. ಆಯಿಲ್ ಇಲ್ಲ, ಪಿಸ್ಟನ್ ಇಲ್ಲ. ನಟ್ಟು ಎರಡು ಸುತ್ತು ತಿರುಗಿಸಿದರೆ ಬ್ರೇಕ್ ಟೈಟು. ಮೂವತ್ತು ವರ್ಷದಲ್ಲಿ ಲೈನರ್, ಅಂದರೆ ಡ್ರಮ್ ಬ್ರೇಕಿನ ಪ್ಯಾಡ್, ಎಷ್ಟು ಸಲ ಹಾಕಿಸಿದ್ದೇನೆ ಅಂತ ಬೆರಳಲ್ಲಿ ಎಣಿಸಬಹುದು.

ಶಿವಮೊಗ್ಗ ಸವಾರ:
ಅಂಕಲ್, ನಿಮ್ಮ ಗಾಡಿ ನಿಲ್ಲೋದಾದರೂ ಎಲ್ಲಿ? ಹಾಸನದಲ್ಲಿ ಹಿಡಿದರೆ ಸಕಲೇಶಪುರದಲ್ಲಿ ನಿಲ್ಲುತ್ತೆ.

ಆರ್‌ಎಕ್ಸ್ ಅಂಕಲ್, ಹಾಸನ:
ಟ್ಯಾಂಕ್ ಸುಟ್ಟುಕೊಂಡವರು ಮಾತಾಡಬಾರದು.

ಬೆಳ್ತಂಗಡಿ ಪ್ರಸಾದ:
ಘಾಟಿ ಅಂದಿದ್ದಾರೆ, ಆಯಿಲ್ ಬಗ್ಗೆ ಒಬ್ಬರೂ ಸರಿಯಾಗಿ ಹೇಳಿಲ್ಲ, ಸುಮ್ನೆ ಜಗಳ. ನಾನು ಹೊಸ ಪ್ಯಾಡ್ ಹಾಕಿ ಆಯಿಲ್ ಮುಟ್ಟಲಿಲ್ಲ. ಐದು ವರ್ಷದ್ದು, ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದರೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುತ್ತಾ ನಾಲ್ಕನೇ ಗೇರಲ್ಲಿ ಬ್ರೇಕ್ ಹಿಡಿದುಕೊಂಡೇ ಬಂದೆ, ತಪ್ಪು ನನ್ನದೇ. ಒಂದು ತಿರುವಲ್ಲಿ ಆಯಿಲ್ ಕುದಿದು ಲಿವರ್ ಮೆತ್ತಗಾಗಿ, ಸ್ಪಂಜು ಹಿಂಡಿದ ಹಾಗೆ, ಹ್ಯಾಂಡಲ್‌ಗೇ ಬಂದು ತಾಗಿತು. ಗೇರು ಇಳಿಸಿ, ಹಿಂದಿನ ಬ್ರೇಕ್ ತುಳಿದು, ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಇಂಡಿಕೇಟರ್ 180, ಲೆಗ್‌ಗಾರ್ಡ್ 450, ಮೊಣಕಾಲಿಗೆ ಐದು ಹೊಲಿಗೆ. ಆಯಿಲ್ ಡಬ್ಬಿ 120 ರೂಪಾಯಿ.

ಜೆ.ಸಿ. ರೋಡ್ ಗಿರಾಕಿ:
ಪ್ಯಾಡ್ ಹಾಕಿದ ಮೇಲೆ ಗಾಡಿ ಎತ್ತುವ ಮುಂಚೆ ಲಿವರ್ ಗಟ್ಟಿಯಾಗುವ ತನಕ ಒತ್ತಿ. ಮರೆತರೆ ಮೊದಲ ಸಲ ಹಿಡಿದಾಗ ಏನೂ ಇರಲ್ಲ. ಹೊಸ ಪ್ಯಾಡ್ ಡಿಸ್ಕ್‌ಗೆ ಕೂರಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು. ಹಾಕಿದ ದಿನವೇ ಆಗುಂಬೆ ಇಳಿಯಬೇಡಿ.

ಕೊಪ್ಪದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಭಟ್ರು ಹೇಳಿದ ಹಾಗೆ ಬಿಚ್ಚಿ ನೋಡಿದೆ, ನನ್ನದೂ ಒಂದೇ ಬದಿ ಸವೆದಿದೆ. ಪಿನ್ನು ಬರುತ್ತಲೇ ಇಲ್ಲ. ಸುತ್ತಿಗೆಯಲ್ಲಿ ಹೊಡೆಯಬಹುದಾ?

ಪುತ್ತೂರು ಭಟ್ರು:
ಬೇಡ ಮಾರಾಯ್ರೆ. ಮೆಕ್ಯಾನಿಕ್ ಹತ್ತಿರ ಕೊಡಿ.

ಶಿವಮೊಗ್ಗ ಸವಾರ:
ಅಂಕಲ್, ಜಗಳ ಆಮೇಲೆ. ಆರ್‌ಎಕ್ಸ್ ಕೊಡೋದಿದ್ದರೆ ಹೇಳಿ. ಆರ್‌ಸಿ ರಿನ್ಯೂ ಆಗಿದೆಯಾ?

ಆರ್‌ಎಕ್ಸ್ ಅಂಕಲ್, ಹಾಸನ:
ಆಗಿದೆ. ಕೊಡಲ್ಲ.